ದಾಖಲೆಗೆ ಸಿಗದವರು: ರಾಯಚೂರು ಸೀಮೆಯ ಆರೋಗ್ಯ ಲೆಕ್ಕದ ಚರಿತ್ರೆ

ಒಂದು ಔಷಧ, ಲಸಿಕೆ ಅಥವಾ ಸರ್ಕಾರಿ ಆರೋಗ್ಯ ಯೋಜನೆ ಜನರಿಗೆ ನಿಜಕ್ಕೂ ಉಪಯೋಗಕ್ಕೆ ಬಂತೇ ಎಂದು ತಿಳಿಯಲು ಎರಡು ದಾರಿಗಳಿವೆ. ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರಿಗೆ ಬೇಡ ಎಂದು ಚೀಟಿ ಎತ್ತಿ ಗೊತ್ತುಮಾಡಿ ಪ್ರಯೋಗ ನಡೆಸುವುದು ಒಂದು. ಚಿಕಿತ್ಸೆ ಯಾರಿಗೆ ಸಿಕ್ಕಿತ್ತೋ, ಯಾರಿಗೆ ಸಿಕ್ಕಿರಲಿಲ್ಲವೋ ಅವರನ್ನು ದಾಖಲೆಗಳಲ್ಲಿ ಹುಡುಕಿ ಹೋಲಿಸುವುದು ಇನ್ನೊಂದು. ಎರಡನೆಯದನ್ನು ವೀಕ್ಷಣಾ ಅಧ್ಯಯನ ಎನ್ನುತ್ತಾರೆ. ಇದರಲ್ಲಿ ಎರಡು ತೊಡಕುಗಳಿವೆ. ಚಿಕಿತ್ಸೆ ಪಡೆದವರೂ ಪಡೆಯದವರೂ ಮೊದಲಿನಿಂದಲೇ ಒಂದೇ ತರಹದವರಾಗಿರುವುದಿಲ್ಲ, ದಾಖಲೆಯೂ ಪೂರ್ತಿಯಾಗಿರುವುದಿಲ್ಲ. ಪಠ್ಯಪುಸ್ತಕಗಳು ಇವನ್ನು ಎರಡು ಅಧ್ಯಾಯಗಳಲ್ಲಿ ಬೇರೆ ಬೇರೆಯಾಗಿ ಹೇಳುತ್ತವೆ. ರಾಯಚೂರು, ದೇವದುರ್ಗ, ಮಾನ್ವಿಯಂಥ ಊರುಗಳಲ್ಲಿ ಎರಡರ ಬೇರೂ ಒಂದೇ: ಬರ, ಗುಳೆ, ತವರಿನ ಬಾಣಂತನ, ಆಸ್ಪತ್ರೆಯ ದೂರ. ಯಾರು ಕಾಯಿಲೆ ಬೀಳುತ್ತಾರೆ, ಯಾರಿಗೆ ಚಿಕಿತ್ಸೆ ಸಿಗುತ್ತದೆ, ಯಾರ ಹೆಸರು ರಿಜಿಸ್ಟರಿನಲ್ಲಿ ಉಳಿಯುತ್ತದೆ ಎಂಬ ಮೂರನ್ನೂ ಇವೇ ನಿರ್ಧರಿಸುತ್ತವೆ. ಆದ್ದರಿಂದ ಇಲ್ಲಿನ ದಾಖಲೆಗಳಲ್ಲಿ ಏನು, ಏಕೆ ಬಿಟ್ಟುಹೋಯಿತು ಎಂಬ ಚರಿತ್ರೆ ಗೊತ್ತಿಲ್ಲದೆ ಇಲ್ಲಿನ ಚಿಕಿತ್ಸೆಗಳ ಲೆಕ್ಕ ಮಾಡುವುದು ಕಷ್ಟ.

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ, ನಡುವೆ ರಾಯಚೂರು ದೋಆಬ್. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ. ಎರಡು ನದಿಗಳಿದ್ದರೂ ಈ ನೆಲ ಬಹುಕಾಲ ಮಳೆಯನ್ನೇ ನಂಬಿದ ಎರೆಭೂಮಿ. ಮಳೆ ಕೈಕೊಟ್ಟರೆ ಜನ ಗಂಟುಮೂಟೆ ಕಟ್ಟುತ್ತಿದ್ದರು. 1853ರಲ್ಲಿ ನಿಜಾಮರು ಈ ಸೀಮೆಯನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದರು. 1860ರಲ್ಲಿ ಅದು ಮರಳಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. ದಿವಾನ ಸಾಲಾರ್ ಜಂಗ್ 1860ರ ದಶಕದಲ್ಲಿ ಜಿಲ್ಲೆಗಳ ವ್ಯವಸ್ಥೆ ತಂದ ಮೇಲೆ ತಾಲ್ಲೂಕು ಕಚೇರಿ, ದಫ್ತರ, ಲೆಕ್ಕಪತ್ರಗಳು ಒಂದು ಕ್ರಮಕ್ಕೆ ಬಂದವು. ಆದರೆ ಅವು ಕಂದಾಯದ ಲೆಕ್ಕಗಳು. ಹೊಲದ ಅಳತೆ, ಬೆಳೆ, ಬಾಕಿ ಇವುಗಳಿಗಿದ್ದ ಶಿಸ್ತು ಮನುಷ್ಯರ ಎಣಿಕೆಗೆ ಇರಲಿಲ್ಲ.

ಅದರ ಬೆಲೆ ತಿಳಿದದ್ದು 1876ರಿಂದ 1878ರವರೆಗಿನ ಬರದಲ್ಲಿ. ಧಾತು ಸಂವತ್ಸರದ ಬರವೆಂದು ಉತ್ತರ ಕರ್ನಾಟಕ ನೆನಪಿಟ್ಟುಕೊಂಡಿರುವ ಈ ಕ್ಷಾಮ ದೋಆಬನ್ನೂ ಹಿಂಡಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ಜನಗಣತಿ ಆಗಿತ್ತು. ಆಗ 50,55,412 ಇದ್ದ ಜನಸಂಖ್ಯೆ 1881ಕ್ಕೆ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಸುಮಾರು 8.7 ಲಕ್ಷ ಜನ ಕಡಿಮೆಯಾದರೆಂದು ಯಾರು ಬೇಕಾದರೂ ಕಳೆದು ಹೇಳಬಹುದು. ಹೈದರಾಬಾದ್ ಸಂಸ್ಥಾನದ ಮೊದಲ ವ್ಯವಸ್ಥಿತ ಜನಗಣತಿ ನಡೆದದ್ದು 1881ರಲ್ಲಿ, ಬರ ಮುಗಿದ ಮೇಲೆ. ಬರದ ಹಿಂದಿನ ಅಂಕಿಯೇ ಇಲ್ಲದ್ದರಿಂದ ದೋಆಬಿನಲ್ಲಿ ಕಳೆಯುವುದಕ್ಕೆ ಮೂಲಸಂಖ್ಯೆಯೇ ಇಲ್ಲ. ಪಕ್ಕದ ಬಳ್ಳಾರಿಯ ಅಥವಾ ಮೈಸೂರಿನ ಇಳಿಕೆಯ ಪ್ರಮಾಣವನ್ನು ತಂದು ಇಲ್ಲಿಗೆ ಹೊಂದಿಸುವುದೊಂದೇ ದಾರಿ. ಒಂದು ಕಡೆಯ ತಿಳಿದ ಅಂಕಿಯಿಂದ ಇನ್ನೊಂದು ಕಡೆಯ ಖಾಲಿ ಜಾಗ ತುಂಬುವ ಈ ಉಪಾಯ ಇಂದಿನ ಸಂಖ್ಯಾಶಾಸ್ತ್ರದಲ್ಲೂ ಇದೆ. ಎರಡು ಪ್ರದೇಶಗಳು ನಿಜಕ್ಕೂ ಹೋಲುತ್ತವೆಯೇ ಎಂಬ ಅನುಮಾನವೂ ಅಂದಿನಂತೆಯೇ ಉಳಿದಿದೆ.

ಗಣತಿ ಶುರುವಾದ ಮೇಲೂ ಹುಟ್ಟುಸಾವಿನ ಲೆಕ್ಕ ಸುಧಾರಿಸಲಿಲ್ಲ. ಹಳ್ಳಿಯಲ್ಲಿ ಸಾವಿನ ಸುದ್ದಿ ಪೊಲೀಸ್ ಪಟೇಲನ ಮೂಲಕ ಮೇಲೆ ಹೋಗಬೇಕು. ಮನೆಯವರು ಮಾತಾಡುವುದು ಕನ್ನಡ ಅಥವಾ ತೆಲುಗು, ಕಚೇರಿ ಕೇಳುವುದು ಮೊದಲು ಪಾರಸಿ, 1884ರ ನಂತರ ಉರ್ದು. ವರ್ಷದ ಲೆಕ್ಕ ಫಸಲಿಯದು. ಸಂಸ್ಥಾನದಲ್ಲಿ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. 1918ರ ಇನ್‌ಫ್ಲುಯೆಂಜಾ ದಖ್ಖನಿನಲ್ಲಿ ಉಲ್ಬಣಿಸಿದ್ದು ಮುಂಗಾರು ಮುಗಿದ ಆ ತಿಂಗಳುಗಳಲ್ಲೇ. ಹೀಗಾಗಿ ಒಂದೇ ಸಾಂಕ್ರಾಮಿಕದ ಸಾವುಗಳು ಫಸಲಿ 1327, 1328 ಎಂಬ ಎರಡು ವರ್ಷಗಳ ಲೆಕ್ಕಕ್ಕೆ ಹಂಚಿಹೋಗುತ್ತವೆ. ಕ್ರಿಸ್ತಶಕದ ಒಂದು ವರ್ಷಕ್ಕೆ ಫಸಲಿಯ ಒಂದು ವರ್ಷವನ್ನು ಸಮ ಎಂದು ಹಿಡಿದರೆ ಸಾವಿನ ಶಿಖರವೇ ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ನಷ್ಟ ತಿಳಿದದ್ದು 1921ರ ಜನಗಣತಿಯಲ್ಲಿ: ಸಂಸ್ಥಾನದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು 1.34 ಕೋಟಿಯಿಂದ 1.25 ಕೋಟಿಗೆ ಇಳಿದಿತ್ತು. ಊರೂರೇ ಮಲಗಿದ್ದಾಗ ಸಾವು ಬರೆಯಬೇಕಾದ ಪಟೇಲನೂ ಮಲಗಿರುತ್ತಾನೆ. ರೋಗ ಹೆಚ್ಚಿದಷ್ಟೂ ದಾಖಲೆ ಕಡಿಮೆಯಾಗುವುದು ಇಂಥ ಕಾಲದ ಎಲ್ಲ ರಿಜಿಸ್ಟರುಗಳ ಗುಣ.

ಚಿಕಿತ್ಸೆಯ ಪರಿಣಾಮವನ್ನು ದಾಖಲೆಗಳಿಂದ ಅಳೆಯುವ ಮೊದಲ ದೊಡ್ಡ ಪ್ರಯತ್ನ ಕನ್ನಡ ನಾಡಿನಲ್ಲಿ ನಡೆದದ್ದು ಹುಬ್ಬಳ್ಳಿಯಲ್ಲಿ. ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಂದಿನ ನೂರು ವರ್ಷಗಳ ಚರ್ಚೆಯ ಬಹುಪಾಲು ಅಲ್ಲೇ ಅಡಗಿದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹತ್ತಿ ಒಳನಾಡಿಗೆ ಹಬ್ಬಿತು. ರಾಯಚೂರು 1871ರಿಂದಲೇ ಮುಂಬಯಿಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸು ರೈಲ್ವೆಯೂ ಕೂಡುವ ಜಂಕ್ಷನ್. ಹುಬ್ಬಳ್ಳಿ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ. ವಾಲ್ಡೆಮರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತಾನೇ ಚುಚ್ಚಿಸಿಕೊಂಡ. ಆ ತಿಂಗಳ ಕೊನೆಗೆ ಬೈಕುಲಾ ಜೈಲಿನ ಕೈದಿಗಳಿಗೆ ಕೊಟ್ಟ. ಜೈಲಿನಲ್ಲಿ ತಲೆ ಎಣಿಸುವುದು ಸುಲಭ, ಯಾರೂ ಊರು ಬಿಟ್ಟು ಹೋಗುವುದಿಲ್ಲ. 1898ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹುಬ್ಬಳ್ಳಿಯಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸಿನ ಕ್ಯಾಪ್ಟನ್ ಲ್ಯೂಮನ್ ನಡೆಸಿದ ಲಸಿಕೆ ಕಾರ್ಯಕ್ಕೆ ಆ ಅನುಕೂಲವಿರಲಿಲ್ಲ. ಸುಮಾರು ಐವತ್ತು ಸಾವಿರ ಜನರ ಪಟ್ಟಣದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೈಯೊಡ್ಡಿದರು. ವಾರವಾರಕ್ಕೂ ಎರಡು ಗುಂಪುಗಳ ಲೆಕ್ಕ ತಯಾರಾಯಿತು: ಹಾಕಿಸಿಕೊಂಡವರಲ್ಲಿ ಎಷ್ಟು ಸಾವು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಸಾವು.

ಮೇಲ್ನೋಟಕ್ಕೆ ಫಲಿತಾಂಶ ದಿಗ್ಭ್ರಮೆ ಹುಟ್ಟಿಸುವಂಥದ್ದು. ಕೊನೆಯ ವಾರಗಳ ಹೊತ್ತಿಗೆ ಹಾಕಿಸಿಕೊಳ್ಳದವರ ಗುಂಪು ತೀರ ಸಣ್ಣದಾಗಿತ್ತು, ಅವರ ಸಾವಿನ ಪ್ರಮಾಣ ಗಗನಕ್ಕೇರಿತ್ತು. ಆದರೆ ಹಾಕಿಸಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಎಣಿಸಬಹುದು. ಹಾಕಿಸಿಕೊಳ್ಳದವರ ಸಂಖ್ಯೆ ಸಿಗುವುದು ಪಟ್ಟಣದ ಒಟ್ಟು ಜನರಿಂದ ಅವರನ್ನು ಕಳೆದಾಗ. ಪ್ಲೇಗಿನ ಊರಿನಲ್ಲಿ ಒಟ್ಟು ಎಷ್ಟು ಜನ ಉಳಿದಿದ್ದಾರೆ ಎಂಬುದೇ ಅಂದಾಜು. ಇಲಿ ಬಿದ್ದ ಕೂಡಲೇ ಮನೆಗೆ ಬೀಗ ಹಾಕಿ ಹೊಲದ ಗುಡಿಸಲಿಗೆ ಹೋದವರು, ನಂಟರ ಊರಿಗೆ ಹೋದವರು, ಸಂತೆಗೆ ಬಂದು ಹೋದವರು ಎಲ್ಲರೂ ಆ ಅಂದಾಜಿನೊಳಗೆ ಸೇರುತ್ತಾರೆ. ಒಂದು ಕಲ್ಪಿತ ಲೆಕ್ಕ ನೋಡಬಹುದು. ಊರಿನಲ್ಲಿ 40,000 ಜನರಿದ್ದಾರೆಂದು ಹಿಡಿದು, 35,000 ಮಂದಿಗೆ ಲಸಿಕೆಯಾಗಿದ್ದರೆ ಉಳಿಯುವವರು 5,000. ನಿಜವಾಗಿ 43,000 ಜನರಿದ್ದರೆ ಉಳಿಯುವವರು 8,000. ಒಟ್ಟು ಅಂಕಿಯಲ್ಲಾದ ಏಳೆಂಟು ಶೇಕಡಾ ತಪ್ಪು ಪೂರ್ತಿಯಾಗಿ ಸಣ್ಣ ಗುಂಪಿನ ಮೇಲೆ ಬಿದ್ದು, ಅದರ ಸಾವಿನ ಪ್ರಮಾಣವನ್ನು ಅರವತ್ತು ಶೇಕಡಾ ಉಬ್ಬಿಸುತ್ತದೆ. ಅಂದಾಜು ಇನ್ನೊಂದು ದಿಕ್ಕಿಗೆ ತಪ್ಪಿದ್ದರೆ ಪ್ರಮಾಣ ಅದೇ ರೀತಿ ಕುಗ್ಗುತ್ತದೆ.

ಬಿಟ್ಟುಹೋದವರ ಸಮಸ್ಯೆ ಅಲ್ಲಿಗೇ ನಿಲ್ಲಲಿಲ್ಲ. ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಪ್ಲೇಗು ನಿಯಮಗಳಿಂದ ಕೆಲವು ರಿಯಾಯಿತಿಗಳಿದ್ದವು. ಇಲ್ಲದವರ ಮನೆಯಲ್ಲಿ ಕಾಯಿಲೆ ಕಂಡರೆ ಕ್ಯಾಂಪಿಗೆ ಸಾಗಿಸುವ ಭಯ. ಆ ಭಯಕ್ಕೆ ರೋಗಿಯನ್ನು ಮುಚ್ಚಿಡುವುದೂ ಹೆಣವನ್ನು ರಾತ್ರಿ ಸಾಗಿಸುವುದೂ ಆ ಕಾಲದ ಮುಂಬಯಿ ಪ್ರಾಂತದ ಉದ್ದಕ್ಕೂ ನಡೆದದ್ದು. ಎರಡು ಗುಂಪುಗಳಲ್ಲಿ ಸಾವು ದಾಖಲಾಗುವ ಸಾಧ್ಯತೆಯೇ ಒಂದೇ ಆಗಿರಲಿಲ್ಲ ಎಂದರ್ಥ. ಟಿ. ಆರ್. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗು ಆಯೋಗ ಈ ಅಂಕಿಗಳನ್ನೆಲ್ಲ ಜಾಲಾಡಿತು. ಲಸಿಕೆ ರೋಗವನ್ನೂ ಸಾವನ್ನೂ ತಗ್ಗಿಸುತ್ತದೆ, ಆದರೆ ರಕ್ಷಣೆ ಸಂಪೂರ್ಣವಲ್ಲ, ಎಷ್ಟು ತಗ್ಗಿಸುತ್ತದೆ ಎಂಬುದಕ್ಕೆ ಖಚಿತ ಅಂಕಿ ಕೊಡಲಾಗದು ಎಂಬುದು ಅದರ ತೀರ್ಮಾನದ ಸಾರ. ಈಗ ಓದಿದರೂ ಅದು ನ್ಯಾಯವಾದ ತೀರ್ಮಾನವೇ. ದಿಕ್ಕು ಖಚಿತ, ಅಳತೆ ಅನಿಶ್ಚಿತ ಎಂದು ಒಪ್ಪಿಕೊಳ್ಳುವ ಧೈರ್ಯ ಎಲ್ಲ ಆಯೋಗಗಳಿಗೂ ಇರುವುದಿಲ್ಲ.

1915ರಲ್ಲಿ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್ ಲಂಡನ್ನಿನಲ್ಲಿ ಟೈಫಾಯ್ಡ್, ಕಾಲರಾ ಲಸಿಕೆಗಳ ಅಂಕಿಗಳ ಮೇಲೆ ಬರೆದ ಪ್ರಬಂಧ ಈ ಬಗೆಯ ಅನುಮಾನಗಳಿಗೆ ನಿಯಮದ ರೂಪ ಕೊಟ್ಟಿತು. ಎರಡು ಗುಂಪುಗಳು ಮುಖ್ಯ ಸಂಗತಿಗಳಲ್ಲೆಲ್ಲ ಸಮಾನವಾಗಿರಬೇಕು, ಸೋಂಕಿಗೆ ಒಡ್ಡಿಕೊಳ್ಳುವ ಅವಕಾಶ ಒಂದೇ ಇರಬೇಕು ಎಂಬುದರ ಜೊತೆಗೆ ಮೂರನೆಯ ಷರತ್ತೊಂದನ್ನು ಅವರು ಹಾಕಿದರು: ಲಸಿಕೆ ಆಗಿದೆ ಎಂದು ಗೊತ್ತುಮಾಡುವ ಕ್ರಮವೂ ರೋಗ ಬಂದಿದೆ ಎಂದು ಗೊತ್ತುಮಾಡುವ ಕ್ರಮವೂ ಒಂದಕ್ಕೊಂದು ಅಂಟಿಕೊಂಡಿರಬಾರದು. ಹುಬ್ಬಳ್ಳಿಯಲ್ಲಿ ಮುರಿದದ್ದು ಈ ಮೂರನೆಯ ಷರತ್ತು.

ಬಿಟ್ಟುಹೋದವರನ್ನು ಎಣಿಸುವುದು ಹೇಗೆ ಎಂಬುದಕ್ಕೆ ಭಾರತದಲ್ಲೇ ಹುಟ್ಟಿದ ಒಂದು ಉತ್ತರವಿದೆ. ಸಿ. ಚಂದ್ರಶೇಖರನ್ ಮತ್ತು ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಪ್ರಕಟಿಸಿದ ವಿಧಾನ ಅದು. ಅದಕ್ಕೆ ಅಂಕಿಗಳು ಬಂದದ್ದು ಕಲ್ಕತ್ತೆಯ ಹತ್ತಿರದ ಸಿಂಗೂರಿನಿಂದ. ಹಳ್ಳಿಯ ರಿಜಿಸ್ಟರಿನಲ್ಲಿ ಒಂದು ಪಟ್ಟಿ ಇರುತ್ತದೆ. ಅದನ್ನು ನೋಡದೆ ಮನೆಮನೆಗೆ ಹೋಗಿ ಇನ್ನೊಂದು ಪಟ್ಟಿ ಮಾಡಬೇಕು. ಎರಡರಲ್ಲೂ ಇರುವ ಸಾವುಗಳೆಷ್ಟು, ಒಂದರಲ್ಲಿ ಮಾತ್ರ ಇರುವವೆಷ್ಟು ಎಂದು ತಾಳೆ ನೋಡಿದರೆ ಎರಡರಲ್ಲೂ ತಪ್ಪಿಹೋದ ಸಾವುಗಳನ್ನು ಅಂದಾಜು ಮಾಡಬಹುದು. 1951–52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲೂ ಚಂದ್ರಶೇಖರನ್ ಮುಂದಾಳು. ದೇಶದ ಮಾದರಿ ನೋಂದಣಿ ವ್ಯವಸ್ಥೆ ಇಂದಿಗೂ ಹೀಗೆ ಎರಡು ಕೈಗಳಿಂದ ಬರೆಸಿ ತಾಳೆ ನೋಡುತ್ತದೆ. ಈ ವಿಧಾನದ ದೌರ್ಬಲ್ಯವನ್ನು ದೇವದುರ್ಗದಂಥ ಕಡೆ ಬೇಗ ಗುರುತಿಸಬಹುದು. ಕುಟುಂಬವೇ ಗುಳೆ ಹೋಗಿದ್ದರೆ ರಿಜಿಸ್ಟರಿನವನಿಗೂ ಸಿಗುವುದಿಲ್ಲ, ಮನೆಗೆ ಬಂದವನಿಗೂ ಸಿಗುವುದಿಲ್ಲ. ಎರಡೂ ಪಟ್ಟಿಗಳು ಒಂದೇ ಜನರನ್ನು ಕಳೆದುಕೊಂಡು, ಒಂದನ್ನೊಂದು ಸರಿಯೆಂದು ಒಪ್ಪುತ್ತವೆ.

1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣದ ನಂತರ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಕಾಯ್ದೆ 1963ರಲ್ಲಿ ಜಾರಿಯಾಗಿ ವಂಶಪಾರಂಪರ್ಯದ ಪಟೇಲ, ಪಟವಾರಿ, ಕುಲಕರ್ಣಿಗಿರಿ ಹೋಯಿತು, ಗ್ರಾಮಲೆಕ್ಕಿಗರು ಬಂದರು. 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮಗಳು ನೋಂದಣಿಗೆ ಗಡುವು ಹಾಕಿದವು. ಕಾಯ್ದೆ ಎಲ್ಲರಿಗೂ ಒಂದೇ, ಅದರ ಅಗತ್ಯ ಎಲ್ಲರಿಗೂ ಒಂದೇ ಅಲ್ಲ. ಹೊಲ ಇರುವ ಗಂಡಸು ತೀರಿಕೊಂಡರೆ ಮಕ್ಕಳಿಗೆ ಫೌತಿ ಖಾತೆ ಆಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ ಬೇಕು; ಎಷ್ಟೋ ವರ್ಷಗಳ ನಂತರವಾದರೂ ಮ್ಯಾಜಿಸ್ಟ್ರೇಟರ ಆದೇಶ ತಂದು ಬರೆಸುತ್ತಾರೆ. ಹುಟ್ಟಿ ಎರಡು ದಿನಕ್ಕೆ ತೀರಿದ ಕೂಸಿಗೆ, ಖಾತೆಯಲ್ಲಿ ಹೆಸರಿಲ್ಲದ ಸೊಸೆಗೆ, ಹೊಲವೇ ಇಲ್ಲದ ಕೂಲಿಯವನಿಗೆ ಆ ಕಾಗದದಿಂದ ಏನೂ ಆಗಬೇಕಾಗಿಲ್ಲ. ತಾಯಿ ಮಗುವಿನ ಆರೈಕೆಯ ಯೋಜನೆಯೊಂದು ಫಲ ಕೊಟ್ಟಿತೇ ಎಂದು ನೋಂದಣಿಯಿಂದಲೇ ಅಳೆಯಹೊರಟರೆ ಯಾವ ಸಾವುಗಳನ್ನು ತಡೆಯಲು ಯೋಜನೆ ಬಂತೋ ಆ ಸಾವುಗಳೇ ಪುಸ್ತಕದಲ್ಲಿ ಕಡಿಮೆ ಇರುತ್ತವೆ. ಇನ್ನೂ ವಿಚಿತ್ರವೆಂದರೆ, ಒಳ್ಳೆಯ ಯೋಜನೆ ಬಂದರೆ ಆಶಾ ಕಾರ್ಯಕರ್ತೆ ಮನೆಮನೆ ತಿರುಗಿ ಮೊದಲು ಬರೆಯದೆ ಹೋಗುತ್ತಿದ್ದ ಸಾವನ್ನೂ ಬರೆಸುತ್ತಾಳೆ. ಯೋಜನೆ ಇರುವ ಊರಿನಲ್ಲೇ ಸಾವು ಹೆಚ್ಚಾದಂತೆ ಕಾಣುತ್ತದೆ.

ಕ್ಷಯರೋಗದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ, ಹಳ್ಳಿಯ ರೋಗಿಗಳಿಗೆ ತಮ್ಮ ಕಾಯಿಲೆಯ ಅರಿವಿಲ್ಲ ಎಂಬ ಕಚೇರಿ ನಂಬಿಕೆಯನ್ನು ಸುಳ್ಳು ಮಾಡಿತು. ಹೆಚ್ಚಿನವರಿಗೆ ಲಕ್ಷಣಗಳ ಅರಿವಿತ್ತು, ಅನೇಕರು ವೈದ್ಯರ ಬಳಿ ಹೋಗಿಯೂ ಇದ್ದರು. ದಾಖಲೆಯಲ್ಲಿ ಮಾತ್ರ ಇರಲಿಲ್ಲ. ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಐದು ವರ್ಷಗಳ ಅಧ್ಯಯನದಲ್ಲಿ, ಹೆಚ್ಚಾಗಿ ಸಂಘಟಿತ ಚಿಕಿತ್ಸೆ ತಲುಪಿರದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷದೊಳಗೆ ತೀರಿಕೊಂಡಿದ್ದರು, ಮೂರನೇ ಒಂದು ಭಾಗ ತಾವಾಗಿ ಗುಣವಾಗಿದ್ದರು, ಉಳಿದವರು ಕಫದಲ್ಲಿ ರೋಗಾಣು ಇಟ್ಟುಕೊಂಡೇ ಬದುಕಿದ್ದರು. ಈ ಅಂಕಿಯ ಬೆಲೆ ದೊಡ್ಡದು. ಚಿಕಿತ್ಸೆ ಪಡೆದ ರೋಗಿಯೊಬ್ಬ ಪಡೆಯದೇ ಇದ್ದಿದ್ದರೆ ಏನಾಗುತ್ತಿದ್ದ ಎಂಬುದು ಯಾವ ಕಾರ್ಡಿನಲ್ಲೂ ಬರೆಯಲಾಗದ ಮಾಹಿತಿ. ಔಷಧ ಊರೂರಿಗೆ ತಲುಪಿದ ಮೇಲೆ ಅದನ್ನು ನೋಡುವುದೂ ಸಾಧ್ಯವಿಲ್ಲ, ನೋಡುತ್ತ ಕೂರುವುದೂ ನ್ಯಾಯವಲ್ಲ. ಆ ಜಾಗದಲ್ಲಿ ಇಟ್ಟು ನೋಡಲು ಉಳಿದಿರುವ ಕೆಲವೇ ಅಳತೆಗಳಲ್ಲಿ ಬೆಂಗಳೂರಿನದು ಒಂದು.

ಆರು ತಿಂಗಳ ಚಿಕಿತ್ಸೆ ಬಂದ ಮೇಲೆ ರಾಯಚೂರು ಸೀಮೆಯ ಕ್ಷಯ ರಿಜಿಸ್ಟರಿಗೆ ಋತುಮಾನವೂ ಸೇರಿಕೊಂಡಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದದ್ದರಿಂದ ಮಾನ್ವಿಯ ನೀರಾವರಿ ಹಳ್ಳಿಗಳಲ್ಲಿ ಭತ್ತ ನಿಂತಿತು. ನಾಟಿ, ಕೊಯ್ಲಿಗೆ ಕೂಲಿಯವರು ಅಲ್ಲಿಗೇ ಬರುತ್ತಾರೆ. ದೇವದುರ್ಗದ ಖುಷ್ಕಿ ಹಳ್ಳಿಗಳಿಂದ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟದ ಕಡೆಗಳಿಂದ, ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರು, ಪುಣೆ, ಗೋವಾ ಎಂದು ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಚಿಕಿತ್ಸೆಯ ಎರಡನೇ ತಿಂಗಳಲ್ಲಿ ಕೆಮ್ಮು ಇಳಿದು ಮೈಗೆ ಬಲ ಬಂದಾಗಲೇ ಬಸ್ ಹತ್ತುವುದೂ ಸಾಧ್ಯವಾಗುವುದು. ಕಾರ್ಡಿನ ಕೊನೆಯ ಕಾಲಂ ಖಾಲಿ ಉಳಿಯುತ್ತದೆ.

ಇಂಥ ಖಾಲಿ ಜಾಗಗಳನ್ನು ಹೇಗೆ ನೋಡಬೇಕೆಂಬುದಕ್ಕೆ 1976ರಲ್ಲಿ ಡೊನಾಲ್ಡ್ ರೂಬಿನ್ ಬರೆದ ಪ್ರಬಂಧವೊಂದು ಇಂದಿನ ಚೌಕಟ್ಟು ಹಾಕಿಕೊಟ್ಟಿತು. ಕೆಲವು ಮಾಹಿತಿ ಬರಿಯ ಆಕಸ್ಮಿಕದಿಂದ ತಪ್ಪಿಹೋಗುತ್ತದೆ: ಪುಟ ಹರಿಯಿತು, ಮಸಿ ಚೆಲ್ಲಿತು. ಕೆಲವು ತಪ್ಪಿಹೋದದ್ದನ್ನು ಬರೆದಿರುವ ಬೇರೆ ವಿವರಗಳಿಂದ, ಊರು, ವಯಸ್ಸು, ತಿಂಗಳುಗಳಿಂದ, ವಿವರಿಸಬಹುದು. ಕೆಲವು ತಪ್ಪಿಹೋಗುವುದು ಬರೆಯದೆ ಉಳಿದ ಆ ಸಂಗತಿಯಿಂದಲೇ: ರೋಗ ಮರುಕಳಿಸಿದ್ದರಿಂದಲೇ ರೋಗಿ ಮುಖ ತೋರಿಸಲಿಲ್ಲ. ಮೊದಲನೆಯದು ಬಿಟ್ಟರೂ ನಡೆಯುತ್ತದೆ, ಎರಡನೆಯದನ್ನು ಸರಿಪಡಿಸಬಹುದು, ಮೂರನೆಯದಕ್ಕೆ ದಾಖಲೆಯೊಳಗೇ ಔಷಧವಿಲ್ಲ.

ಕಲ್ಪಿತ ಅಂಕಿಗಳಲ್ಲಿ ಇದನ್ನು ನೋಡಬಹುದು. ಮಾನ್ವಿಯ ಕಾಲುವೆ ಹಳ್ಳಿಗಳ 100 ರೋಗಿಗಳಲ್ಲಿ 90 ಜನರ ಫಲಿತಾಂಶ ಬರೆದಿದೆ, 81 ಮಂದಿ ಗುಣವಾಗಿದ್ದಾರೆ. ದೇವದುರ್ಗದ ಖುಷ್ಕಿ ಹಳ್ಳಿಗಳ 100 ರೋಗಿಗಳಲ್ಲಿ 50 ಜನರದು ಮಾತ್ರ ಬರೆದಿದೆ, 35 ಮಂದಿ ಗುಣವಾಗಿದ್ದಾರೆ. ಖಾಲಿ ಇದ್ದವರನ್ನು ಬಿಟ್ಟು ಲೆಕ್ಕ ಹಾಕಿದರೆ 140ಕ್ಕೆ 116, ಅಂದರೆ ಸುಮಾರು 83 ಶೇಕಡಾ. ದೇವದುರ್ಗದಲ್ಲಿ ಸಿಕ್ಕ ಪ್ರತಿಯೊಬ್ಬ ರೋಗಿ ಸಿಗದ ಇನ್ನೊಬ್ಬನ ಪರವಾಗಿಯೂ ನಿಂತಿದ್ದಾನೆಂದು ಅವನಿಗೆ ಎರಡರ ತೂಕ ಕೊಟ್ಟು, ಮಾನ್ವಿಯವರಿಗೂ ಅದೇ ರೀತಿ ಸ್ವಲ್ಪ ತೂಕ ಏರಿಸಿದರೆ ಅದು 80 ಶೇಕಡಾ ಆಗುತ್ತದೆ. ಸಿಗುವ ಸಾಧ್ಯತೆ ಕಡಿಮೆಯಿದ್ದವರಿಗೆ ಹೆಚ್ಚು ತೂಕ ಕೊಡುವ ಈ ಕ್ರಮವನ್ನು 1994ರಲ್ಲಿ ಜೇಮ್ಸ್ ರಾಬಿನ್ಸ್ ಮತ್ತು ಸಂಗಡಿಗರು ವೈದ್ಯಕೀಯ ಅಧ್ಯಯನಗಳಿಗೆ ವಿಸ್ತರಿಸಿದರು. ಆದರೆ ಗುಳೆ ಹೋದ ಆ 50 ಜನ ಮಾತ್ರೆ ಬಿಟ್ಟು, ಅವರಲ್ಲಿ 20 ಮಂದಿಯಷ್ಟೇ ಗುಣವಾಗಿದ್ದರೆ? ಮಾನ್ವಿಯ ಉಳಿದ ಹತ್ತರಲ್ಲಿ ಒಂಬತ್ತು ಗುಣವೆಂದು ಹಿಡಿದರೂ ಒಟ್ಟು 72.5 ಶೇಕಡಾ. ಸಿಗದವರೆಲ್ಲ ಗುಣವಾಗಲಿಲ್ಲ ಎಂದರೆ 58, ಎಲ್ಲರೂ ಗುಣವಾದರು ಎಂದರೆ 88. ಪ್ರಾಮಾಣಿಕವಾದ ವರದಿ ಈ ಅಂಚುಗಳನ್ನೂ ಹೇಳುತ್ತದೆ. ಸಾಮಾನ್ಯವಾಗಿ ಅಚ್ಚಾಗುವುದು 83.

ಫಲಿತಾಂಶದ ಬದಲು ರೋಗಿಯ ಮೊದಲಿನ ಸ್ಥಿತಿಯೇ ಬರೆಯದೆ ಉಳಿದಾಗ ತೊಡಕು ಇನ್ನೊಂದು ಬಗೆಯದು. ಗರ್ಭಿಣಿಯರ ತಾಯಿ ಕಾರ್ಡನ್ನೇ ನೋಡಬಹುದು. ರಕ್ತಹೀನತೆಗೆ ಕಬ್ಬಿಣದಂಶದ ಇಂಜೆಕ್ಷನ್ ಕೊಟ್ಟರೆ ಕೂಸಿನ ತೂಕ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ. ಇಂಜೆಕ್ಷನ್ ಕೊಡುವುದು ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ. ಆದ್ದರಿಂದ ಮೊದಲಿನ ಹಿಮೋಗ್ಲೋಬಿನ್ ಸರಿದೂಗಿಸದೆ ಹೋಲಿಸಿದರೆ ಇಂಜೆಕ್ಷನ್ ಪಡೆದವರ ಕೂಸುಗಳೇ ಸಣ್ಣವಾಗಿ ಕಾಣಬಹುದು. ಆ ಕಾಲಂ ಖಾಲಿ ಇರುವುದು ತಡವಾಗಿ ಬಂದವರಲ್ಲಿ, ಒಂದೇ ಸಲ ಬಂದವರಲ್ಲಿ, ಹೊಲದ ಕೆಲಸ ಬಿಟ್ಟು ಬರಲಾಗದವರಲ್ಲಿ. ಕೂಸಿನ ತೂಕದ ಕಾಲಂ ಖಾಲಿ ಉಳಿಯುವುದಕ್ಕೆ ಬೇರೆಯೇ ಕಾರಣ. ಚೊಚ್ಚಲ ಹೆರಿಗೆ ತವರಿನಲ್ಲಿ. ರಾಯಚೂರು ಗಡಿಜಿಲ್ಲೆ; ಗದ್ವಾಲ, ಮಕ್ತಲ್, ಆದೋನಿ ಕಡೆಯಿಂದ ಬಂದ ಸೊಸೆಯ ಬಾಣಂತನ ಬೇರೆ ರಾಜ್ಯದ ಆಸ್ಪತ್ರೆಯಲ್ಲಿ, ಬೇರೆ ಭಾಷೆಯ ಕಾರ್ಡಿನಲ್ಲಿ ಮುಗಿದುಹೋಗುತ್ತದೆ. ಎರಡು ಖಾಲಿ ಕಾಲಂಗಳಿಗೆ ಎರಡು ಕಾರಣಗಳಿರುವಾಗ ಎರಡನ್ನೂ ಒಂದೇ ಸೂತ್ರದಿಂದ ತುಂಬಬಾರದು.

ತುಂಬುವ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರೂಬಿನ್ 1987ರ ಪುಸ್ತಕದಲ್ಲಿ ವಿಸ್ತರಿಸಿದ ಬಹುಸಲ ತುಂಬುವಿಕೆ. ಒಂದೇ ಸರಾಸರಿ ಅಂಕಿಯನ್ನು ಎಲ್ಲ ಕಡೆ ತುಂಬಿದರೆ ಇಲ್ಲದ ಖಚಿತತೆ ಹುಟ್ಟುತ್ತದೆ. ಅದರ ಬದಲು, ಇರುವ ವಿವರಗಳ ಆಧಾರದ ಮೇಲೆ ಸಂಭವನೀಯ ಅಂಕಿಗಳನ್ನು ಹಲವು ಸಲ ತುಂಬಿ, ಪ್ರತಿ ಸಲವೂ ಪರಿಣಾಮ ಲೆಕ್ಕ ಹಾಕಿ, ಕೊನೆಗೆ ಎಲ್ಲವನ್ನೂ ಕೂಡಿಸುತ್ತಾರೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಇರುವ ಅಂತರವೇ ಅನಿಶ್ಚಿತತೆಯ ಒಂದು ಅಳತೆ. ಹಿಮೋಗ್ಲೋಬಿನ್ ತುಂಬುವಾಗ ಕೂಸಿನ ತೂಕವನ್ನೂ ಇಂಜೆಕ್ಷನ್ ಸಿಕ್ಕಿತೇ ಎಂಬುದನ್ನೂ ಬಳಸಲೇಬೇಕು. ಫಲಿತಾಂಶ ನೋಡಿ ತುಂಬುವುದು ಮೋಸದಂತೆ ಕಾಣುತ್ತದೆ, ಆದರೆ ಅದನ್ನು ಬಿಟ್ಟರೆ ತುಂಬಿದ ಅಂಕಿಗೂ ಕೂಸಿನ ತೂಕಕ್ಕೂ ಇರುವ ನಂಟು ಕಡಿದುಹೋಗಿ ಉತ್ತರವೇ ತಪ್ಪುತ್ತದೆ. ಖಾಲಿ ಇದ್ದವರನ್ನೆಲ್ಲ ಮಾಹಿತಿ ಇಲ್ಲ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸುವುದು ಸುಲಭ; ಸಾಮಾನ್ಯವಾಗಿ ಅದು ದಾರಿ ತಪ್ಪಿಸುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. ವೈದ್ಯರು ಕಾರ್ಡಿನಲ್ಲಿ ಕಂಡದ್ದನ್ನಷ್ಟೇ ನೋಡಿ ಚಿಕಿತ್ಸೆ ನಿರ್ಧರಿಸಿದ್ದರೆ, ಪರೀಕ್ಷೆ ಆಗಿಲ್ಲ ಎಂಬುದೇ ಅವರ ನಿರ್ಧಾರದ ಒಂದು ಭಾಗವಾಗಿರುತ್ತದೆ. ಪೌಲ್ ರೋಸೆನ್‌ಬಾಮ್ ಮತ್ತು ರೂಬಿನ್ 1984ರಲ್ಲಿ ಈ ದಾರಿಯನ್ನು ಗುರುತಿಸಿದರು. ಯಾವುದು ಸರಿ ಎಂಬುದನ್ನು ಗಣಿತ ಹೇಳುವುದಿಲ್ಲ; ಆ ಉಪಕೇಂದ್ರದಲ್ಲಿ ಕೆಲಸ ಮಾಡಿದ ನರ್ಸ್ ಹೇಳಬಲ್ಲಳು.

ಈ ಸೀಮೆಗೂ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಮೇಲೆ ದೊಡ್ಡ ವೀಕ್ಷಣಾ ಅಧ್ಯಯನವೊಂದು ನಡೆದಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆ ಕೊಡುತ್ತಿದ್ದ ಈ ಯೋಜನೆ 2010ರಲ್ಲಿ ಮೊದಲು ರಾಯಚೂರು ಸೇರಿದ ಗುಲಬರ್ಗಾ ವಿಭಾಗದಲ್ಲಿ ಆರಂಭವಾಯಿತು. ದಕ್ಷಿಣದ ಜಿಲ್ಲೆಗಳಿಗೆ ಆಮೇಲೆ ಬಂತು. ಯೋಜನೆ ಬಂದ ಗಡಿಯ ಈಚೆ ಆಚೆಗಿನ ಹಳ್ಳಿಗಳನ್ನು ಜೋಡಿಸಿ ನೀರಜ್ ಸೂದ್, ಅರ್ಣಬ್ ಮುಖರ್ಜಿ ಮೊದಲಾದವರು ಹೋಲಿಸಿದರು. 572 ಹಳ್ಳಿಗಳ 60,109 ಕುಟುಂಬಗಳ ಈ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ ಯೋಜನೆ ಇದ್ದ ಕಡೆ 0.32 ಶೇಕಡಾ, ಇಲ್ಲದ ಕಡೆ 0.90 ಶೇಕಡಾ. ಬಡತನ ರೇಖೆಗಿಂತ ಮೇಲಿನ, ಯೋಜನೆಗೆ ಅರ್ಹರಲ್ಲದ ಕುಟುಂಬಗಳಲ್ಲಿ ಗಡಿಯ ಎರಡೂ ಕಡೆ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ತಾಳೆಯೇ ಅಧ್ಯಯನದ ಬಲ: ಗಡಿಯ ಒಂದು ಬದಿಯಲ್ಲಿ ದಾಖಲೆಯೇ ಸಡಿಲವಾಗಿದ್ದರೆ ಅನುಕೂಲವಂತರ ಮನೆಗಳ ಲೆಕ್ಕದಲ್ಲೂ ಅದು ಕಾಣಬೇಕಿತ್ತು.

ಆದರೂ ಮನೆಗೆ ಹೋಗಿ ಸಾವು ಕೇಳುವ ಯಾವ ಸಮೀಕ್ಷೆಯೂ ಉತ್ತರ ಹೇಳಲು ಉಳಿದವರನ್ನೇ ಅವಲಂಬಿಸಬೇಕು. ಒಂಟಿಯಾಗಿದ್ದ ಮುದುಕಿ ತೀರಿಕೊಂಡರೆ ಆ ಮನೆಯೇ ಪಟ್ಟಿಯಿಂದ ಹೋಗುತ್ತದೆ. ಯಜಮಾನನ ಸಾವಿನ ನಂತರ ಮನೆಮಂದಿ ಚದುರಿದರೆ ಆ ಸಾವಿನ ಮಾಹಿತಿಯೂ ಅವರೊಂದಿಗೇ ಹೋಗುತ್ತದೆ. ಸಾವಿನ ಕಾರಣ ಗೊತ್ತಾಗುವುದು ಬಂಧುಗಳ ಮಾತಿನಿಂದ. ಯೋಜನೆಯ ಶಿಬಿರದಲ್ಲಿ ಹೃದಯದ ತೊಂದರೆ ಎಂದು ವೈದ್ಯರಿಂದ ಕೇಳಿದ ಮನೆಯವರು ಹೇಳುವ ಕಾರಣಕ್ಕೂ ಅಂಥ ಶಿಬಿರವನ್ನೇ ಕಾಣದವರು ಹೇಳುವ ಕಾರಣಕ್ಕೂ ವ್ಯತ್ಯಾಸವಿರಬಹುದು. ಇಲ್ಲಿ ಆ ವ್ಯತ್ಯಾಸ ಕೆಲಸ ಮಾಡಿದ್ದರೆ ಯೋಜನೆಯ ಲಾಭವನ್ನು ಕಡಿಮೆ ತೋರಿಸುವ ದಿಕ್ಕಿನಲ್ಲೇ ಮಾಡಿರುತ್ತದೆ ಎಂಬುದು ಗಮನಿಸಬೇಕಾದ ಅಂಶ. 2007ರಲ್ಲಿ ಬಂದ ಸ್ಟ್ರೋಬ್ ಮಾರ್ಗಸೂಚಿ ವೀಕ್ಷಣಾ ಅಧ್ಯಯನಗಳ ಲೇಖಕರು ಪ್ರತಿ ಕಾಲಮಿನಲ್ಲಿ ಎಷ್ಟು ಮಾಹಿತಿ ಇಲ್ಲ, ಅದನ್ನು ಹೇಗೆ ನಿಭಾಯಿಸಿದರು ಎಂದು ಹೇಳಬೇಕೆಂದು ಕೇಳುತ್ತದೆ. ಏಕೆ ಇಲ್ಲ ಎಂಬುದನ್ನು ಬರೆಯಲು ಹಳ್ಳಿಯ ರಿಜಿಸ್ಟರಿನಲ್ಲೇ ಒಂದು ಕಾಲಂ ಇದ್ದಿದ್ದರೆ ಈ ಕೆಲಸದ ಅರ್ಧ ಅಲ್ಲೇ ಮುಗಿಯುತ್ತಿತ್ತು.

ಈಗ ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ಓಪೆಕ್ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಿದೆ. ಕ್ಷಯರೋಗಿಗಳ ಹೆಸರು 2012ರಲ್ಲಿ ಬಂದ ನಿಕ್ಷಯ್ ಜಾಲದಲ್ಲಿದ್ದು, ದೇವದುರ್ಗದ ರೋಗಿ ಪುಣೆಯಲ್ಲಿ ಮಾತ್ರೆ ತೆಗೆದುಕೊಂಡರೂ ಅದೇ ನಂಬರಿನಲ್ಲಿ ಬರೆಯಲು ಸಾಧ್ಯವಿದೆ. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ಬಂದ ತಿದ್ದುಪಡಿ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಸಾವಿನ ಕಾರಣದ ಪ್ರಮಾಣಪತ್ರ ಕೊಡಬೇಕೆಂದು ಹೇಳುತ್ತದೆ. ಕೊನೆಯ ಕಾಯಿಲೆಯಲ್ಲಿ ಯಾವ ವೈದ್ಯರೂ ನೋಡದೆ ಮನೆಯಲ್ಲೇ ತೀರಿಕೊಂಡವರಿಗೆ ಆ ಪ್ರಮಾಣಪತ್ರ ಬರೆದುಕೊಡುವವರು ಈಗಲೂ ಯಾರೂ ಇಲ್ಲ.